ಕ್ಲಚ್ ಸದ್ದು ಎಲ್ಲಿಂದ ಬರುತ್ತಿದೆ? ಗೇರ್‌ಬಾಕ್ಸ್ ಇಳಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಮಂಗಳೂರಿನಲ್ಲಿ ಮ್ಯಾನುವಲ್ ಗೇರಿನ ಕಾರು ಓಡಿಸುವವರ ಎಡಗಾಲಿಗೆ ಬಿಡುವೆಂಬುದು ಕಡಿಮೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವಾಗ, ಕದ್ರಿಯ ಏರಿನಲ್ಲಿ ಸಿಟಿ ಬಸ್ಸಿನ ಹಿಂದೆ ನಿಂತು ಮತ್ತೆ ಹೊರಡುವಾಗ, ನಂತೂರು ಅಥವಾ ಪಂಪ್‌ವೆಲ್ ವೃತ್ತದ ಸರತಿಯಲ್ಲಿ ಇಂಚಿಂಚಾಗಿ ಸರಿಯುವಾಗ ಕ್ಲಚ್ ಎಡೆಬಿಡದೆ ದುಡಿಯುತ್ತಿರುತ್ತದೆ. ಉಡುಪಿಯ ಕಲ್ಸಂಕದಲ್ಲೂ ಮಣಿಪಾಲದ ಏರಿನಲ್ಲೂ ಇದೇ ಪರಿಸ್ಥಿತಿ. ಹೀಗೆ ದುಡಿಯುವ ಭಾಗ ಒಂದಲ್ಲ ಒಂದು ದಿನ ಸದ್ದು ಮಾಡುತ್ತದೆ, ಮತ್ತು ಆ ಸದ್ದನ್ನು ಹೊತ್ತುಕೊಂಡು ಗ್ಯಾರೇಜಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗೇರ್‌ಬಾಕ್ಸ್ ಇಳಿಸಿ ನೋಡಬೇಕು’ ಎಂಬುದು. ಇಳಿಸಿ ಏರಿಸುವ ಕೂಲಿಯೇ ಈ ಕೆಲಸದ ಖರ್ಚಿನಲ್ಲಿ ದೊಡ್ಡ ಪಾಲು ಆಗಿರುವುದರಿಂದ, ಆ ನಿರ್ಧಾರಕ್ಕೆ ಬರುವ ಮುನ್ನ ಸದ್ದಿನ ಮೂಲವನ್ನು ಆದಷ್ಟು ಖಚಿತಪಡಿಸಿಕೊಳ್ಳುವುದು ಕಾರಿನ ಮಾಲೀಕರಿಗೂ ಮೆಕ್ಯಾನಿಕ್‌ಗೂ ಒಳ್ಳೆಯದು. ಪೆಡಲ್ ಯಾವ ಸ್ಥಾನದಲ್ಲಿದ್ದಾಗ ಸದ್ದು ಹುಟ್ಟುತ್ತದೆ, ಯಾವ ಸ್ಥಾನಕ್ಕೆ ಬಂದಾಗ ಅಡಗುತ್ತದೆ ಎಂಬುದನ್ನು ತಾಳ್ಮೆಯಿಂದ ಗಮನಿಸಿದರೆ, ಒಂದು ಬೋಲ್ಟನ್ನೂ ಬಿಚ್ಚದೆ ಬಹಳಷ್ಟು ಸಂಗತಿ ತಿಳಿಯುತ್ತದೆ.

ಅದು ಹೇಗೆ ಎಂಬುದು ಅರ್ಥವಾಗಬೇಕಾದರೆ ಒಳಗಿನ ವ್ಯವಸ್ಥೆಯ ಸ್ಥೂಲ ಚಿತ್ರ ಮನಸ್ಸಿನಲ್ಲಿರಬೇಕು. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೆ ಬಿಗಿದಿರುವ ಪ್ರೆಷರ್ ಪ್ಲೇಟ್, ನಡುವೆ ಇರುವ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕೂತಿರುತ್ತದೆ. ಆದ್ದರಿಂದ ಪೆಡಲಿನಿಂದ ಕಾಲು ತೆಗೆದಾಗ, ಗೇರು ನ್ಯೂಟ್ರಲ್‌ನಲ್ಲಿದ್ದರೂ ಇನ್‌ಪುಟ್ ಶಾಫ್ಟ್ ಎಂಜಿನ್ನಿನ ಜೊತೆಯಲ್ಲೇ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದಾಗ ಒಂದು ಫೋರ್ಕ್, ಇಲ್ಲವೇ ಹೊಸ ಕಾರುಗಳಲ್ಲಿ ಶಾಫ್ಟಿನ ಸುತ್ತಲೇ ಕೂರುವ ಹೈಡ್ರಾಲಿಕ್ ಸಿಲಿಂಡರ್, ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗ್ ಪ್ರೆಷರ್ ಪ್ಲೇಟಿನ ನಡುವಿರುವ ಡಯಾಫ್ರಮ್ ಸ್ಪ್ರಿಂಗಿನ ಬೆರಳಿನಂತಹ ಪಟ್ಟಿಗಳನ್ನು (ಬೆರಳುಗಳನ್ನು) ಒತ್ತಿದೊಡನೆ ಪ್ರೆಷರ್ ಪ್ಲೇಟಿನ ಹಿಡಿತ ಸಡಿಲಗೊಂಡು, ಇನ್‌ಪುಟ್ ಶಾಫ್ಟ್ ನಿಧಾನವಾಗಿ ನಿಲ್ಲುತ್ತದೆ. ಅಂದರೆ ಪೆಡಲ್ ಮೇಲಿದ್ದಾಗ ಗೇರ್‌ಬಾಕ್ಸಿನ ಬೇರಿಂಗುಗಳು ದುಡಿಯುತ್ತವೆ. ಪೆಡಲ್ ಕೆಳಗಿದ್ದಾಗ ಅವು ವಿರಮಿಸಿ, ರಿಲೀಸ್ ಬೇರಿಂಗ್ ಭಾರ ಹೊರುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಪರೀಕ್ಷೆಗೆ ಮುನ್ನ

ಕಾರನ್ನು ಸಮತಟ್ಟಾದ, ತೆರೆದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಮುರಕಲ್ಲಿನ ತುಂಡನ್ನೋ ಮರದ ಅಡ್ಡೆಯನ್ನೋ ಕೊಡಬೇಕು. ಮಳೆ ಬರುತ್ತಿದೆ ಎಂದು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಎಸಿ, ಫ್ಯಾನು, ರೇಡಿಯೊ ಎಲ್ಲವನ್ನೂ ಆರಿಸಿ, ಕಿಟಕಿಗಳನ್ನು ಇಳಿಸಿ. ಜೊತೆಗೆ ಇನ್ನೊಬ್ಬರಿದ್ದರೆ ಒಬ್ಬರು ಪೆಡಲ್ ಒತ್ತುತ್ತಾ ಇನ್ನೊಬ್ಬರು ಬಾನೆಟ್ ತೆರೆದು ಬದಿಯಲ್ಲಿ ನಿಂತು ಕೇಳಬಹುದು. ಬೆಲ್ಟ್ ಮತ್ತು ಫ್ಯಾನಿನ ಹತ್ತಿರ ಕೈ, ಶಾಲು, ಸಡಿಲ ತೋಳು ಹೋಗದಂತೆ ಎಚ್ಚರ ವಹಿಸಬೇಕು. ಸದ್ದು ಎಂಜಿನ್ ತಣ್ಣಗಿದ್ದಾಗ ಬರುತ್ತದೆಯೋ ಬಿಸಿಯಾದ ಮೇಲೆ ಬರುತ್ತದೆಯೋ ಎಂಬುದು ನಿಮಗೆ ಗೊತ್ತಿರುವುದರಿಂದ, ಅದೇ ಸ್ಥಿತಿಯಲ್ಲೇ ಪರೀಕ್ಷೆ ನಡೆಸಿ.

ಎಂಜಿನ್ ಆರಿಸಿಟ್ಟು ಮೊದಲ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಎಂಜಿನ್ ಚಾಲೂ ಮಾಡದೆಯೇ ಪೆಡಲನ್ನು ನಿಧಾನವಾಗಿ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಈಗ ‘ಕಿರ್ರ್’ ಎಂದೋ ‘ಕುಂಯ್’ ಎಂದೋ ಕೇಳಿಸಿದರೆ, ತಿರುಗುವ ಯಾವ ಭಾಗವೂ ಅದಕ್ಕೆ ಕಾರಣವಲ್ಲ, ಏಕೆಂದರೆ ಏನೂ ತಿರುಗುತ್ತಿಲ್ಲ. ಟಾರ್ಚ್ ಹಿಡಿದು ಪೆಡಲಿನ ಬುಡಕ್ಕೆ ಬಗ್ಗಿ ನೋಡಿ: ಪೆಡಲ್ ತೂಗುವ ಪಿನ್ನಿನ ಬುಷ್ ಒಣಗಿರಬಹುದು, ರಿಟರ್ನ್ ಸ್ಪ್ರಿಂಗ್ ಉಜ್ಜುತ್ತಿರಬಹುದು, ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನ ತಳ್ಳುಕಡ್ಡಿ ಒಣಗಿರಬಹುದು. ಹಳೆಯ ಮಾರುತಿ 800, ಆಲ್ಟೊಗಳಂತಹ ಕೇಬಲ್ ಕ್ಲಚ್ ಕಾರುಗಳಲ್ಲಿ ಕೇಬಲಿನ ಒಳ ತಂತಿ ತುಕ್ಕು ಹಿಡಿದು ಹೊರಕವಚಕ್ಕೆ ಉಜ್ಜುವುದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ; ಅಂತಹ ಕೇಬಲಿಗೆ ಎಣ್ಣೆ ಹಾಕಿ ಕಾಲ ತಳ್ಳುವುದಕ್ಕಿಂತ ಬದಲಾಯಿಸುವುದೇ ಸರಿ, ಏಕೆಂದರೆ ಎಳೆಎಳೆಯಾಗಿ ಹರಿಯತೊಡಗಿದ ಕೇಬಲ್ ನಡುರಸ್ತೆಯಲ್ಲಿ ಪೂರ್ತಿ ತುಂಡಾಗುತ್ತದೆ. ಕಾರಿನೊಳಗೆ ಏನೂ ಕಾಣಿಸದೆ, ಬಾನೆಟ್ಟಿನ ಕಡೆಯಿಂದ ಸದ್ದು ಬಂದರೆ ಫೋರ್ಕಿನ ತಿರುಗುತುದಿ ಒಣಗಿದೆ ಎಂದು ಊಹಿಸಬಹುದು. ಗೇರ್‌ಬಾಕ್ಸಿನ ಗೋಡೆಯಿಂದ ಫೋರ್ಕ್ ಹೊರಬರುವ ಕಡೆ ಒಂದು ರಬ್ಬರ್ ಬೂಟ್ ಇರುತ್ತದೆ. ಅದು ಹರಿದಿದ್ದರೆ ನಮ್ಮ ಊರಿನ ಕೆಂಪು ಕೆಸರು ನೇರವಾಗಿ ಒಳಗೆ ಹೋಗುತ್ತದೆ.

ಗೇರ್‌ಬಾಕ್ಸ್ ಇಳಿಸಬೇಕೆಂದು ಹೇಳಿಸಿಕೊಂಡ ಎಷ್ಟೋ ಸದ್ದುಗಳು ಈ ಮೊದಲ ಪರೀಕ್ಷೆಯಲ್ಲೇ, ಒಂದು ಬುಷ್ಷಿನಲ್ಲೋ ಚಿಟಿಕೆ ಗ್ರೀಸಿನಲ್ಲೋ ಮುಗಿದುಹೋಗುವಂಥವು. ಇದನ್ನು ಬಿಟ್ಟು ಮುಂದಕ್ಕೆ ಹೋಗಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಎಂಜಿನ್ ಚಾಲೂ ಇಟ್ಟು

ಈಗ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಚಾಲೂ ಮಾಡಿ, ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದು, ಅರ್ಧ ನಿಮಿಷ ಸುಮ್ಮನೆ ಕೇಳಿ. ನಂತರ ಪೆಡಲಿನ ಮೇಲೆ ಪಾದದ ಭಾರವನ್ನು ಮಾತ್ರ ಇಡಿ, ಒತ್ತಬೇಡಿ. ಆಮೇಲೆ ಸ್ವಲ್ಪಸ್ವಲ್ಪವಾಗಿ ಒತ್ತುತ್ತಾ ಕೊನೆಯವರೆಗೆ ಹೋಗಿ, ಅಲ್ಲಿ ಕೆಲವು ಸೆಕೆಂಡು ಹಿಡಿದು, ಮತ್ತೆ ನಿಧಾನವಾಗಿ ಬಿಡಿ. ಇದನ್ನು ನಾಲ್ಕಾರು ಬಾರಿ ಮಾಡಿ, ಸದ್ದು ಬದಲಾಗುವ ಜಾಗವನ್ನು ಗುರುತಿಟ್ಟುಕೊಳ್ಳಿ. ಬದಲಾಗುವ ಜಾಗವೇ ಮುಖ್ಯ, ಸದ್ದಿನ ಗಾತ್ರವಲ್ಲ.

ಕಾಲು ತೆಗೆದಾಗ ‘ಗುಂಯ್’ ಎಂಬ ಕೊರೆತ ಕೇಳಿಸುತ್ತಿದ್ದು, ಆಕ್ಸಿಲರೇಟರ್ ಒತ್ತಿದಂತೆ ಏರುತ್ತಾ, ಪೆಡಲನ್ನು ಪೂರ್ತಿ ಒತ್ತಿ ಒಂದೆರಡು ಸೆಕೆಂಡು ಕಳೆದ ಮೇಲೆ ಅಡಗಿಹೋದರೆ, ಸಂಶಯ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಮೇಲೆ ಹೋಗಬೇಕು. ಇದು ಕ್ಲಚ್ಚಿನ ದೋಷವಲ್ಲ, ಗೇರ್‌ಬಾಕ್ಸಿನದು. ಇಂತಹ ಕಡೆ ಹೊಸ ಕ್ಲಚ್ ಸೆಟ್ ಹಾಕಿಸಿದರೆ ಹಣ ಹೋಗುತ್ತದೆಯೇ ಹೊರತು ಸದ್ದು ಹೋಗುವುದಿಲ್ಲ. ಮೊದಲು ಗೇರ್ ಆಯಿಲಿನ ಮಟ್ಟ ಮತ್ತು ಬಣ್ಣ ನೋಡಿಸಿ. ಆಯಿಲ್ ಕಡಿಮೆಯಾದ ಗೇರ್‌ಬಾಕ್ಸ್ ಹೀಗೆಯೇ ಕೊರೆಯುತ್ತದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ, ಮತ್ತು ತಪ್ಪು ನಿರ್ಣಯಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಅನೇಕ ಕಾರುಗಳಲ್ಲಿ ರಿಲೀಸ್ ಬೇರಿಂಗ್ ಪೆಡಲ್ ಮೇಲಿದ್ದಾಗಲೂ ಸ್ಪ್ರಿಂಗಿನ ಬೆರಳುಗಳಿಗೆ ಹಗುರವಾಗಿ ತಾಗಿಕೊಂಡೇ ತಿರುಗುತ್ತಿರುತ್ತದೆ. ಅದು ಸವೆದಾಗ, ಇಲ್ಲವೇ ಫೋರ್ಕ್ ಸಡಿಲವಾದಾಗ, ಕಾಲು ತೆಗೆದ ಸ್ಥಿತಿಯಲ್ಲಿ ‘ಚಿಂವ್ ಚಿಂವ್’ ಎಂಬ ಸಣ್ಣ ಸದ್ದು ಬರುತ್ತದೆ, ಮತ್ತು ಪಾದದ ಭಾರವನ್ನು ಪೆಡಲಿನ ಮೇಲೆ ಇಟ್ಟ ಮಾತ್ರಕ್ಕೆ ನಿಂತುಬಿಡುತ್ತದೆ. ಪೆಡಲ್ ಒತ್ತಿದಾಗ ನಿಲ್ಲುವ ಸದ್ದು ಇನ್‌ಪುಟ್ ಶಾಫ್ಟಿನದು ಎಂಬ ಸೂತ್ರವನ್ನಷ್ಟೇ ನೆಚ್ಚಿಕೊಂಡವರು ಇಲ್ಲಿ ಎಡವುತ್ತಾರೆ. ಪಾದದ ಭಾರಕ್ಕೇ ನಿಂತರೆ ರಿಲೀಸ್ ಬೇರಿಂಗ್ ಅಥವಾ ಫೋರ್ಕ್. ಪೂರ್ತಿ ಒತ್ತಿ ಶಾಫ್ಟ್ ನಿಂತ ಮೇಲಷ್ಟೇ ಅಡಗಿದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್. ಪಾದದ ಭಾರವನ್ನಷ್ಟೇ ಇಡುವ ಹಂತವನ್ನು ಬೇರೆಯಾಗಿ ಹೇಳಿದ್ದು ಇದಕ್ಕಾಗಿಯೇ.

ಇದಕ್ಕೆ ತದ್ವಿರುದ್ಧವಾಗಿ, ಕಾಲು ತೆಗೆದಾಗ ಮೌನವಿದ್ದು, ಒತ್ತತೊಡಗಿದ ಕೂಡಲೇ ‘ಸರ್ರ್’ ಎಂದು ಆರಂಭವಾಗಿ, ಒತ್ತಿದಷ್ಟೂ ‘ಗರಗರ’ ಎಂದು ಗಟ್ಟಿಯಾಗುವ ಸದ್ದು ಸವೆದ ರಿಲೀಸ್ ಬೇರಿಂಗಿನದು. ಇದು ಅತ್ಯಂತ ಸಾಮಾನ್ಯವಾದ ಕ್ಲಚ್ ಸದ್ದು. ಇಳಿಸಿದ ಮೇಲೆ ಆ ಬೇರಿಂಗನ್ನು ಕೈಯಲ್ಲಿ ಹಿಡಿದು ಒಂದು ಬೆರಳಿನಿಂದ ತಿರುಗಿಸಿ ನೋಡಿ: ಒಳ್ಳೆಯ ಬೇರಿಂಗ್ ಗ್ರೀಸಿನ ಮೆತ್ತನೆಯ ತಡೆಯೊಂದಿಗೆ ತಿರುಗುತ್ತದೆ, ಕೆಟ್ಟದ್ದು ಒಂದೋ ಒಳಗೆ ಮರಳು ಸೇರಿದ ಹಾಗೆ ಬೆರಳಿಗೆ ತಾಗುತ್ತದೆ, ಅಥವಾ ಗ್ರೀಸೆಲ್ಲ ಒಣಗಿ ಯಾವ ತಡೆಯೂ ಇಲ್ಲದೆ ಶಬ್ದ ಮಾಡುತ್ತಾ ಸುತ್ತುತ್ತದೆ. ಡಯಾಫ್ರಮ್ ಬೆರಳುಗಳ ತುದಿಯಲ್ಲಿ ಬೇರಿಂಗ್ ಉಜ್ಜಿದ ಹೊಳಪಿನ ಗೆರೆಯನ್ನೂ ನೋಡಿ. ಆ ಗೆರೆ ಕೇವಲ ಹೊಳೆಯುತ್ತಿದ್ದರೆ ಸಹಜ, ಉಗುರಿಗೆ ಸಿಗುವಷ್ಟು ಆಳವಾದ ಕಚ್ಚು ಬಿದ್ದಿದ್ದರೆ ಪ್ರೆಷರ್ ಪ್ಲೇಟನ್ನೂ ಉಳಿಸಿಕೊಳ್ಳುವಂತಿಲ್ಲ.

ಬೊಲೆರೊ, ಓಮ್ನಿಯಂತಹ ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಇನ್ನೊಂದು ಸಾಧ್ಯತೆ ಸೇರಿಕೊಳ್ಳುತ್ತದೆ. ಇನ್‌ಪುಟ್ ಶಾಫ್ಟಿನ ಮೂತಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ. ಎರಡೂ ಒಟ್ಟಿಗೆ ತಿರುಗುವಾಗ ಆ ಬೇರಿಂಗಿಗೆ ಕೆಲಸವಿಲ್ಲ. ಪೆಡಲ್ ಪೂರ್ತಿ ಒತ್ತಿ ಶಾಫ್ಟ್ ನಿಂತಾಗ ಮಾತ್ರ ಅದು ತಿರುಗುತ್ತದೆ. ಆದ್ದರಿಂದ ಅರ್ಧ ಒತ್ತಿದಾಗ ಇಲ್ಲದ ಸದ್ದು, ಪೂರ್ತಿ ಒತ್ತಿ ಮೊದಲ ಗೇರಿಗೆ ಹಾಕಿದಾಗ ಹುಟ್ಟಿದರೆ ಪೈಲಟ್ ಬೇರಿಂಗನ್ನು ಶಂಕಿಸಬೇಕು. ಎಂಜಿನ್ ಅಡ್ಡಲಾಗಿ ಕೂತಿರುವ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಬಹುತೇಕ ಈ ಬೇರಿಂಗೇ ಇರುವುದಿಲ್ಲ.

ಡೀಸೆಲ್ ಕಾರಿನವರಿಗೆ ಒಂದು ಮಾತು. ಐಡಲ್‌ನಲ್ಲಿ ‘ಕಟಕಟ’ ಎಂದು ಬಂದು, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದೊಡನೆ ಮಾಯವಾಗುವ ಸದ್ದು ಬೇರಿಂಗಿನದಲ್ಲ. ಎಂಜಿನ್ನಿನ ಮಿಡಿತಕ್ಕೆ ಗೇರಿನ ಹಲ್ಲುಗಳು ಒಂದಕ್ಕೊಂದು ತಾಗುವ ಸದ್ದು ಅದು. ಸ್ವಲ್ಪ ಮಟ್ಟಿಗೆ ಇದು ಸಹಜವೇ. ಆದರೆ ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗುಗಳಿರುವ, ಎರಡು ಭಾಗಗಳ ಫ್ಲೈವೀಲ್) ಇರುವ ಕಾರಿನಲ್ಲಿ ಇದು ದಿನೇದಿನೇ ಹೆಚ್ಚುತ್ತಿದ್ದು, ಎಂಜಿನ್ ಚಾಲೂ ಮಾಡುವಾಗ ಅಥವಾ ಆರಿಸುವಾಗ ‘ದಡ್’ ಎಂಬ ಹೊಡೆತವೂ ಸೇರಿಕೊಂಡರೆ ಫ್ಲೈವೀಲಿನೊಳಗಿನ ಸ್ಪ್ರಿಂಗುಗಳು ಸೋತಿವೆ ಎಂದು ತಿಳಿಯಬೇಕು. ಸಾಮಾನ್ಯ ಫ್ಲೈವೀಲ್ ಇರುವ ಕಾರುಗಳಲ್ಲಿ ಕ್ಲಚ್ ಪ್ಲೇಟಿನ ನಡುವಿನ ಡ್ಯಾಂಪರ್ ಸ್ಪ್ರಿಂಗ್ ಸಡಿಲವಾದರೂ ಇಂಥದೇ ಕಟಕಟ ಸದ್ದು ಬರುತ್ತದೆ.

ರಸ್ತೆಯ ಮೇಲೆ

ನಿಂತಲ್ಲಿ ಏನೂ ಕೇಳಿಸದೆ, ಹೊರಡುವಾಗ ಮಾತ್ರ ಕಾರು ‘ದಡದಡ’ ನಡುಗಿದರೆ, ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿರಬಹುದು ಅಥವಾ ಫ್ಲೈವೀಲ್ ಬಿಸಿಯಿಂದ ಅಲ್ಲಲ್ಲಿ ನೀಲಿಗಟ್ಟಿ ಗಟ್ಟಿಯಾಗಿರಬಹುದು. ಆದರೆ ಅದಕ್ಕೂ ಮೊದಲು ಎಂಜಿನ್ ಮೌಂಟ್‌ಗಳನ್ನು ನೋಡಿಸಬೇಕು. ರಬ್ಬರ್ ಹರಿದ ಮೌಂಟ್ ಏರಿನಲ್ಲಿ ಹೊರಡುವಾಗ ಇದೇ ನಡುಕವನ್ನೂ ‘ಟಕ್’ ಎಂಬ ಸದ್ದನ್ನೂ ಕೊಡುತ್ತದೆ, ಮತ್ತು ಅದನ್ನು ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಪ್ಲೇಟ್ ಜಾರುತ್ತಿದೆಯೇ ಎಂದು ತಿಳಿಯಲು ಕೆಲವರು ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಈ ಪರೀಕ್ಷೆ ನನಗೆ ಒಪ್ಪಿಗೆಯಿಲ್ಲ. ಸೋತ ಪ್ಲೇಟನ್ನು ಮತ್ತಷ್ಟು ಸುಡುವುದಷ್ಟೇ ಅದರ ಫಲ. ಮಣಿಪಾಲದ ಏರಿನಂತಹ ರಸ್ತೆಯಲ್ಲಿ ವಾಹನ ದಟ್ಟಣೆ ಇಲ್ಲದ ಹೊತ್ತಿನಲ್ಲಿ, ಮೂರನೆಯ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಜೋರಾಗಿ ಒತ್ತಿದಾಗ, ಎಂಜಿನ್ನಿನ ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ ಎಂಬುದು ಖಚಿತ. ಜೊತೆಗೆ ಸುಟ್ಟ ವಾಸನೆಯೂ ಬಂದರೆ ಬೇರೆ ಸಾಕ್ಷಿ ಬೇಡ.

ರಿವರ್ಸ್ ಗೇರ್ ಹಾಕುವಾಗಿನ ‘ಕರ್ರ್’ ಸದ್ದಿನ ಬಗ್ಗೆ ಗಾಬರಿ ಬೇಡ. ಅನೇಕ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊನೈಸರ್, ಅಂದರೆ ಹಲ್ಲುಗಳು ಸೇರುವ ಮುನ್ನ ಅವುಗಳ ವೇಗವನ್ನು ಸಮಗೊಳಿಸುವ ಭಾಗ, ಇರುವುದಿಲ್ಲ. ಪೆಡಲ್ ಪೂರ್ತಿ ಒತ್ತಿ ಮೂರು ಸೆಕೆಂಡು ಕಾದು ಹಾಕಿ ನೋಡಿ. ಆಗಲೂ ಉಜ್ಜಿದರೆ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ ಎಂದರ್ಥ. ಕೇಬಲ್ ಹೊಂದಾಣಿಕೆ, ಹೈಡ್ರಾಲಿಕ್ ಫ್ಲೂಯಿಡಿನ ಮಟ್ಟ, ಪೈಪಿನಲ್ಲಿ ಸೇರಿದ ಗಾಳಿ, ಈ ಮೂರನ್ನು ಪರಿಶೀಲಿಸಬೇಕು.

ಕ್ಲಚ್ಚಿನದೆಂದು ತೋರುವ, ಆದರೆ ಅಲ್ಲದ ಸದ್ದುಗಳೂ ಇವೆ. ಮಳೆಗಾಲದ ಬೆಳಿಗ್ಗೆ ಒದ್ದೆಯಾದ ಆಲ್ಟರ್ನೇಟರ್ ಬೆಲ್ಟ್ ಕೀರಲಿಡುತ್ತದೆ. ಪೆಡಲ್ ಒತ್ತಿದರೂ ಬಿಟ್ಟರೂ ಅದು ಬದಲಾಗುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗಿನ ‘ಟಕ್ ಟಕ್’ ಮುಂಚಕ್ರಕ್ಕೆ ಚಾಲನೆ ಒಯ್ಯುವ ಶಾಫ್ಟಿನ ಸಿವಿ ಜಾಯಿಂಟಿನದು. ಒಂದೇ ಗೇರಿನಲ್ಲಿ ಮಾತ್ರ ಬರುವ ಸದ್ದು ಗೇರ್‌ಬಾಕ್ಸಿನೊಳಗಿನದು. ನ್ಯೂಟ್ರಲ್‌ನಲ್ಲಿ ಇಳಿಜಾರಿನಲ್ಲಿ ಹೋಗುವಾಗಲೂ ವೇಗಕ್ಕೆ ತಕ್ಕಂತೆ ಕೊರೆಯುವ ಸದ್ದು ಚಕ್ರದ ಬೇರಿಂಗಿನದಾಗಿರಬಹುದು, ಆದರೆ ಅದನ್ನು ಪರೀಕ್ಷಿಸಲೆಂದು ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಸಾಹಸ ಖಂಡಿತ ಬೇಡ. ಇನ್ನೊಂದು ಅಪರೂಪದ, ಆದರೆ ಗಂಭೀರವಾದ ಲಕ್ಷಣ: ಪೆಡಲ್ ಒತ್ತಿದಾಗ ಕ್ರ್ಯಾಂಕ್ ಪುಲ್ಲಿ ಕಣ್ಣಿಗೆ ಕಾಣುವಷ್ಟು ಹೊರಕ್ಕೆ ಸರಿದರೆ ಕ್ರ್ಯಾಂಕ್‌ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಸರಿಯದಂತೆ ತಡೆಯುವ ಎಂಜಿನ್ನಿನ ಥ್ರಸ್ಟ್ ಬೇರಿಂಗ್ ಸವೆದಿದೆ, ಆ ಕಾರನ್ನು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಕರಾವಳಿಯ ಕಾರಣಗಳು

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮತ್ತು ವರ್ಷವಿಡೀ ಇರುವ ಉಪ್ಪಿನ ಗಾಳಿ, ಒಳನಾಡಿನ ಮೆಕ್ಯಾನಿಕ್‌ಗಳು ಅಷ್ಟಾಗಿ ಕಾಣದ ಕೆಲವು ತೊಂದರೆಗಳನ್ನು ತರುತ್ತವೆ. ಅವುಗಳಲ್ಲಿ ಮೊದಲನೆಯದು ಅಂಟಿಕೊಂಡ ಕ್ಲಚ್. ಮನೆಯವರು ಗಲ್ಫಿನಲ್ಲಿದ್ದು, ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುವ ಮನೆಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಸಾಕಷ್ಟಿವೆ. ತೇವಕ್ಕೆ ಫ್ಲೈವೀಲಿನ ಮೇಲೆ ತುಕ್ಕು ಬೆಳೆದು ಪ್ಲೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದು ಹಗುರವಾಗಿದ್ದರೆ ಮೊದಲ ಸಲ ಹೊರಡುವಾಗ ‘ಕ್ರರ್’ ಎಂದು ಉಜ್ಜಿ, ಕೆಲವು ಬಾರಿ ಹೊರಟು ನಿಂತ ಮೇಲೆ ಸರಿಹೋಗುತ್ತದೆ. ಇಷ್ಟಕ್ಕೆ ಗೇರ್‌ಬಾಕ್ಸ್ ಇಳಿಸಬಾರದು. ಬಲವಾಗಿ ಅಂಟಿದ್ದರೆ ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಸೀಟು ಮತ್ತು ಪೆಡಲಿನ ನಡುವೆ ಮರದ ಕೋಲು ಕೊಟ್ಟು, ಪೆಡಲನ್ನು ಒತ್ತಿದ ಸ್ಥಿತಿಯಲ್ಲೇ ಒಂದು ರಾತ್ರಿ ಬಿಟ್ಟರೆ ಕೆಲವೊಮ್ಮೆ ಬಿಡುತ್ತದೆ. ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿ ಬಿಡಿಸುವ ಉಪಾಯವನ್ನು ಅಂಗಳದಲ್ಲಿ ಮಾಡಬೇಡಿ. ಕಾರು ಹಾರಿ ಗೋಡೆಗೋ ಮನುಷ್ಯರಿಗೋ ಬಡಿಯುತ್ತದೆ. ಕಾರು ನೋಡಿಕೊಳ್ಳುವ ಸಂಬಂಧಿಕರು ವಾರಕ್ಕೊಮ್ಮೆ ಸುಮ್ಮನೆ ಸ್ಟಾರ್ಟ್ ಮಾಡಿ ಆರಿಸುವ ಬದಲು, ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ ತಂದರೆ ಈ ತೊಂದರೆಯೇ ಬರುವುದಿಲ್ಲ.

ಎರಡನೆಯದು ಗೇರ್‌ಬಾಕ್ಸಿಗೆ ಸೇರುವ ನೀರು. ಕೊಟ್ಟಾರ ಚೌಕಿಯಲ್ಲೋ ಪಡೀಲಿನ ರೈಲ್ವೆ ಕೆಳಸೇತುವೆಯಲ್ಲೋ ನಿಂತ ನೀರನ್ನು ದಾಟುವಾಗ, ಬಿಸಿಯಾಗಿದ್ದ ಗೇರ್‌ಬಾಕ್ಸ್ ಒಮ್ಮೆಲೇ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಉಸಿರಾಟದ ರಂಧ್ರದ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಕೆಲವು ವಾರಗಳ ನಂತರ ನ್ಯೂಟ್ರಲ್‌ನಲ್ಲಿ ‘ಗುಂಯ್’ ಆರಂಭವಾದಾಗ ಆ ನೀರಿನ ನೆನಪು ಯಾರಿಗೂ ಇರುವುದಿಲ್ಲ. ಆಯಿಲಿನ ಲೆವೆಲ್ ಪ್ಲಗ್ ತೆಗೆದು ಬೆರಳಿಗೆ ಸ್ವಲ್ಪ ತಾಗಿಸಿಕೊಂಡು ಬೆಳಕಿಗೆ ಹಿಡಿಯಿರಿ: ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಬೇಗ ಬದಲಾಯಿಸಿದರೆ ಬೇರಿಂಗುಗಳು ಉಳಿಯುತ್ತವೆ. ಹೊಸ ಆಯಿಲ್ ಹಾಕಿಸುವಾಗ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಕೇಳಿ. ಜಿಎಲ್-4 ಎಂದಿರುವಲ್ಲಿ ಜಿಎಲ್-5 ಹಾಕಿದರೆ ಕೆಲವು ಗೇರ್‌ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಹಾನಿಯಾಗುತ್ತದೆ.

ಹೈಡ್ರಾಲಿಕ್ ಕ್ಲಚ್ಚಿನ ಫ್ಲೂಯಿಡ್ ಕೂಡ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವುದರಿಂದ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವಾಗ ಕ್ಲಚ್ಚಿನ ಪೈಪನ್ನೂ ಬ್ಲೀಡ್ ಮಾಡಲು (ಹಳೆಯ ಫ್ಲೂಯಿಡನ್ನೂ ಗಾಳಿಯನ್ನೂ ಹೊರಹಾಕಲು) ಹೇಳಿ, ಇಲ್ಲವಾದರೆ ಅದು ಬಿಟ್ಟುಹೋಗುತ್ತದೆ. ಎಲ್ಲೂ ಸೋರಿಕೆ ಕಾಣಿಸದೆ ಡಬ್ಬಿಯ ಮಟ್ಟ ಇಳಿಯುತ್ತಿದ್ದರೆ, ಶಾಫ್ಟಿನ ಸುತ್ತ ಕೂತ ಒಳ ಸಿಲಿಂಡರ್ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚದ (ಬೆಲ್ ಹೌಸಿಂಗ್) ಒಳಗೇ ಸೋರುತ್ತಿರಬಹುದು.

ಇನ್ನು ಘಾಟಿಗಳು. ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಏರುವ 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತಾಗ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ಹಿಡಿದಿಡುವುದು ಪ್ಲೇಟಿಗೆ ಮಾಡುವ ದೊಡ್ಡ ಅನ್ಯಾಯ. ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕಾಗಿಯೇ. ಪೆಡಲಿನ ಮೇಲೆ ಪಾದ ಊರಿಕೊಂಡೇ ಓಡಿಸುವ ಅಭ್ಯಾಸ ರಿಲೀಸ್ ಬೇರಿಂಗಿನ ಆಯುಷ್ಯವನ್ನು ತಿನ್ನುತ್ತದೆ.

ಎಷ್ಟು ದಿನ ಓಡಿಸಬಹುದು, ಗ್ಯಾರೇಜಿನಲ್ಲಿ ಏನು ಹೇಳಬೇಕು

ಪಾದದ ಭಾರಕ್ಕೆ ನಿಲ್ಲುವ ಸಣ್ಣ ‘ಚಿಂವ್’ ಸದ್ದಿಗೆ ಆತುರವಿಲ್ಲ. ಹೆಚ್ಚುತ್ತಿದೆಯೇ ಎಂದು ಗಮನಿಸುತ್ತಾ ಊರೊಳಗೆ ಓಡಿಸಬಹುದು. ಒತ್ತಿದಾಗ ‘ಗರಗರ’ ಎನ್ನುವ ಬೇರಿಂಗನ್ನು ಹೊತ್ತು ಶಿರಾಡಿ, ಚಾರ್ಮಾಡಿ ಹತ್ತಬೇಡಿ, ಏಕೆಂದರೆ ಅದು ಬಿಗಿದುಕೊಂಡರೆ ಡಯಾಫ್ರಮ್ ಬೆರಳುಗಳನ್ನು ಕತ್ತರಿಸುತ್ತದೆ. ಪೆಡಲ್ ನೆಲಕ್ಕೆ ಬಿದ್ದು ಮೇಲೆ ಬಾರದಿದ್ದರೆ, ಅಥವಾ ಲೋಹ ಮುರಿದ ಸದ್ದು ಬಂದರೆ, ಟೋ ವಾಹನ ಕರೆಸುವುದೇ ದಾರಿ.

ಗ್ಯಾರೇಜಿನಲ್ಲಿ ‘ಕ್ಲಚ್ಚಿನಲ್ಲಿ ಸದ್ದಿದೆ’ ಎಂದಷ್ಟೇ ಹೇಳಬೇಡಿ. ‘ಎಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ, ಪೆಡಲ್ ಕಾಲು ಭಾಗ ಒತ್ತಿದಾಗ ಆರಂಭವಾಗುತ್ತದೆ’ ಎಂದು ಹೇಳಿ, ಮೊಬೈಲಿನಲ್ಲಿ ಮಾಡಿಕೊಂಡ ಧ್ವನಿಮುದ್ರಣ ಕೇಳಿಸಿ, ಅವರ ಮುಂದೆಯೇ ಸದ್ದನ್ನು ಬರಿಸಿ ತೋರಿಸಿ. ಫೋರ್ಕ್ ಹೊರಬರುವ ಕಿಂಡಿಯ ಮೂಲಕ ಗ್ರೀಸ್ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸದ್ದು ನಿಲ್ಲಿಸುತ್ತೇವೆಂದರೆ ಒಪ್ಪಬೇಡಿ. ಬೇರಿಂಗ್ ಮುಚ್ಚಿದ ಬಗೆಯದಾದ್ದರಿಂದ ಅದರೊಳಕ್ಕೆ ಏನೂ ಹೋಗುವುದಿಲ್ಲ. ಹೋಗುವುದು ಕ್ಲಚ್ ಪ್ಲೇಟಿನ ಮೇಲೆ, ಅಲ್ಲಿಗೆ ಪ್ಲೇಟೂ ಹಾಳು.

ಗೇರ್‌ಬಾಕ್ಸ್ ಇಳಿಸುವುದು ಅನಿವಾರ್ಯವಾದರೆ ಬೇರಿಂಗ್ ಒಂದನ್ನೇ ಬದಲಾಯಿಸಿ ಉಳಿತಾಯ ಮಾಡಲು ಹೋಗಬೇಡಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ ಆಗಿಯೇ ಹಾಕಿಸುವುದು ಲೇಸು. ವ್ಯಾಲಿಯೊ, ಲುಕ್, ಎಕ್ಸೆಡಿ ಕಂಪೆನಿಗಳ ಸೆಟ್‌ಗಳು ಹೀಗೆಯೇ ಸಿಗುತ್ತವೆ. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್, ಫೋರ್ಕಿನ ತಿರುಗುತುದಿ, ರಬ್ಬರ್ ಬೂಟ್, ಫ್ಲೈವೀಲಿನ ಮುಖ ಇವನ್ನು ನಿಮ್ಮೆದುರಿಗೇ ನೋಡಲಿ, ಮತ್ತು ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ ಒರಟುತನವಿದೆಯೇ ಎಂದು ಪರೀಕ್ಷಿಸಲಿ. ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಕಾರು ಸಿದ್ಧವಾದ ದಿನ ಹಣ ಕೊಡುವ ಮುನ್ನ ಅಲ್ಲಿಯೇ ನ್ಯೂಟ್ರಲ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಪೆಡಲಿನ ಫ್ರೀ ಪ್ಲೇ (ಒತ್ತಲು ಆರಂಭಿಸಿದಾಗ ಸಿಗುವ ಸಡಿಲ ಚಲನೆ) ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ಅಳೆಯಿಸಿ. ಹೊಸ ಪ್ಲೇಟ್ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಭಾರ ಹೇರಿ ಏರು ಹತ್ತುವುದನ್ನೂ, ಎಂಜಿನ್ ಅಬ್ಬರಿಸಿ ಹೊರಡುವುದನ್ನೂ ತಪ್ಪಿಸಿ. ಆ ಅವಧಿಯಲ್ಲಿ ಸ್ವಲ್ಪ ಹೊಸ ವಾಸನೆ ಬರುವುದು ಸಹಜ, ಆದರೆ ಪೆಡಲ್ ಒತ್ತಿದಾಗ ಯಾವುದೇ ಹೊಸ ಸದ್ದು ಬರುವುದು ಸಹಜವಲ್ಲ. ಬಂದರೆ ಅದೇ ವಾರ ಕಾರನ್ನು ಅದೇ ಗ್ಯಾರೇಜಿಗೆ ಹಿಂದಕ್ಕೆ ಒಯ್ಯಿರಿ.